ಉಪ್ಪಿಲ್ಲದ ಬೆವರು

ಹೋದ ವರ್ಷದ ಕ್ಯಾಲೆಂಡರು, ಶ್ರಾವಣದ ಹಾಳೆ.
ಅದರ ಬೆನ್ನಿಗೆ ಒಂದು ಡಬ್ಬಿ ಬರೆದೆ, ಒಂದು ಬಾಗಿದ ಕೊಳವೆ,
ಬಾಣದ ಗುರುತು: ಬಿಸಿ ಇತ್ತಿಂದ, ನೀರು ಅತ್ತಿಂದ.

ಬೆಟಗೇರಿಯಲ್ಲಿ ದಾವಲಬಿಯ ಚುನಮರಿ ಭಟ್ಟಿ
ನಸುಕಿನ ನಾಲ್ಕಕ್ಕೆ ಹೊತ್ತಿದರೆ ಮಧ್ಯಾಹ್ನದವರೆಗೂ
ಮರಳು ಕಾದು, ಅಕ್ಕಿ ಬೆಳ್ಳಗೆ ನಗುತ್ತದೆ.
ಉಳಿದ ಬಿಸಿಯೆಲ್ಲ ಚಿಮಣಿಯ ಕೊರಳೇರಿ
ಮುಗಿಲಿಗೆ ಪುಕ್ಕಟೆ.
ಮುಗಿಲಿಗೇನು ಚಳಿಯೆ?

ಹಿತ್ತಲ ಬೋರಿನ ನೀರು ಬಾಯಿಗಿಟ್ಟರೆ
ನಾಲಿಗೆ ಹಿಂದೆ ಸರಿಯುತ್ತದೆ.
ಬಕೀಟಿನ ಅಂಚಿಗೆ ಬಿಳಿ ಗೆರೆ,
ಅಕ್ಕಿ ಹುರಿಯುವ ಹುಡುಗನ ಹಲ್ಲಿಗೆ ಕಂದು ಗೆರೆ.

ಮೊದಲನೆಯದು ಸೋರಿತು.
ಎರಡನೆಯದು ಸೋರಲಿಲ್ಲ, ಹೊಗೆ ತಿರುಗಿ ಬಂದು
ಅಷ್ಟೂ ಅಕ್ಕಿ ಕಮರು. ದಾವಲಬಿ ಬೈದದ್ದನ್ನು
ಹಾಳೆಯ ಮೇಲೆ ಬರೆಯುವಂತಿರಲಿಲ್ಲ;
'ಚಿಮಣಿ ಕಟ್ಟಬೇಡ, ಸವರಿಕೊಂಡು ಹೋಗು'
ಎಂದಷ್ಟೇ ಗೀಚಿದೆ.

ಮೂರನೆಯದಕ್ಕೆ ಗುಜರಿಯಲ್ಲಿ
ಸತ್ತ ಫ್ರಿಜ್ಜಿನ ಕರುಳು ಸಿಕ್ಕಿತು, ಕಿಲೋ ಲೆಕ್ಕಕ್ಕೆ.
ಎಣ್ಣೆ ವಾಸನೆ ಹೋಗಲು ಏಳು ಸಲ ತೊಳೆದೆ.
ಚಿಮಣಿಗೆ ಸ್ಟೀಲಿನ ಅಂಗಿ, ಅಂಗಿಯೊಳಗೆ ಸವುಳು ನೀರು,
ಆವಿ ಕರುಳು ಹೊಕ್ಕು ತಣ್ಣನೆಯ ಪೀಪಾಯಿಯಲ್ಲಿ ಸುತ್ತಿ
ಇಪ್ಪತ್ತೆರಡು ನಿಮಿಷಕ್ಕೆ
ತಾಮ್ರ ಬೆವರಿತು.

ಮಧ್ಯಾಹ್ನಕ್ಕೆ ಹನ್ನೊಂದು ಲೀಟರು.
ನನ್ನ ಲೆಕ್ಕ ಹದಿನೆಂಟು ಅಂದಿತ್ತು.
ಲೆಕ್ಕಕ್ಕೆ ಕಪ್ಪತಗುಡ್ಡದ ಗಾಳಿ ಗೊತ್ತಿರಲಿಲ್ಲ,
ಬಿಸಿಯನ್ನು ಅಂಗಿ ಮೇಲಿಂದಲೇ ನೆಕ್ಕಿಬಿಡುವ ಗಾಳಿ.

ದಾವಲಬಿ ಒಂದು ಗುಟುಕು ಕುಡಿದು ಮಾರಿ ಕಿವುಚಿದಳು.
"ಇದಕ ರುಚೀನ ಇಲ್ಲಲೋ.
ಯಾರೂ ಇಲ್ಲದ ಮನ್ಯಾಗ ಹೊಕ್ಕಂಗ ಆತು."
ಆದರೂ ಅದೇ ನೀರಿಗೆ ತೊಗರಿಬೇಳೆ ಇಟ್ಟಳು.
ದಿನಾ ಆರು ಸೀಟಿಗೂ ಹರಳಾಗಿ ಕೂರುವ ಬೇಳೆ
ಮೂರನೆಯದಕ್ಕೇ ಬೆಣ್ಣೆ.
ಅವಳು ಏನೂ ಅನ್ನಲಿಲ್ಲ,
ನನ್ನ ಗಂಗಾಳಕ್ಕೆ ಇನ್ನೊಂದು ಸೌಟು ಹಾಕಿದಳು.

ಸಂಜೆ ಭಟ್ಟಿ ಆರಿದ ಮೇಲೆ ಅಂಗಿ ಬಿಚ್ಚಿ
ಒಳಗಿನ ಉಪ್ಪು ಕೆರೆದೆ: ಮಾಸಲು, ಕಹಿ, ಎರಡು ಮುಷ್ಟಿ.
ಅಕ್ಕಿಗೆ ಹಚ್ಚುವಂತಿಲ್ಲ.
ಗಟಾರಕ್ಕೆ ಚೆಲ್ಲಿದರೆ ಎರೆಹೊಲದ ಹಾದಿ ಅದಕ್ಕೆ ಗೊತ್ತು,
ಅಲ್ಲಿಂದ ಬೋರಿನ ಹಾದಿಯೂ.
ಎಣ್ಣೆಯ ಹಳೇ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು
ಗೋಡೆಯ ಮಾಡದಲ್ಲಿಟ್ಟೆ.

ಹಾಳೆಯ ಮೇಲೆ ಡಬ್ಬಿಯಿಂದ ಇನ್ನೊಂದು ಬಾಣ ಎಳೆದಿದ್ದೇನೆ.
ತುದಿಗೆ ಇನ್ನೂ ಏನೂ ಬರೆದಿಲ್ಲ.