ಬೆರಳಚ್ಚು

ಲಗ್ನಪತ್ರಿಕೆಯ ಸುಗ್ಗಿ. ಬೆಟಗೇರಿಯ ನಮ್ಮ ಪ್ರೆಸ್ಸಿಗೆ
ಮಟಮಟ ಮಧ್ಯಾಹ್ನ ಒಂದು ವಹಿ ಹಿಡಿದು ಬಂದವರು
ಫಕ್ಕೀರಪ್ಪ ಜಾಲಿಹಾಳ,
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಹಳೆಯ ಫಿಟ್ಟರು.
'ಯಾರ ಲಗ್ನರೀ?' ಅಂದೆ, ತಲೆ ಎತ್ತದೆ.
'ಲಗ್ನ ಅಲ್ಲವ್ವ. ಸಿತಾರ.'

ಬಿಚ್ಚಿದರೆ ಸರಿಗಮ ಇಲ್ಲ. ಒಂದು ಅಕ್ಷರವೂ ಇಲ್ಲ.
ಅಡ್ಡಡ್ಡ ನಾಕು ಗೆರೆ, ನಾಕು ತಂತಿ;
ಗೆರೆಯ ಮೇಲೆ ಅಂಕಿ, ಎಷ್ಟನೆಯ ಪರದೆ ಅಂತ;
ಅಡಿಗೆ ಬಾಣ: ಒಳಮುಖ ದಾ, ಹೊರಮುಖ ರಾ.

'ನನಗ ಓದಾಕ ಬರ್ತಿದ್ದಿಲ್ಲ. ಗೇಜು ನೋಡಾಕ ಬರ್ತಿತ್ತು.
ಹಸನಸಾಬರು ಅಂದ್ರು, ನಿನಗ ಅಂಕಿನ ಸಾಕಲೇ.
ನಾದ ಬರಿಯೂ ವಸ್ತು ಅಲ್ಲ.
ಬೆರಳು ಎಲ್ಲಿಡಬೇಕು ಬರಕೊಡ್ತೀನಿ,
ಅದು ಬಂದ್ರ ಬಂತು.'

ನನ್ನ ತಂತ್ರಾಂಶ ಗಿಟಾರಿಗೆ ಹುಟ್ಟಿದ್ದು.
ಸಾಲು ಟೈಪಿಸಿ ಕೊಟ್ಟರೆ ತಾನೇ ಹಾಳೆ ನೇಯುತ್ತದೆ,
ಓಣಿಯ ಮಗ್ಗದ ಹಾಗೆ, ಸದ್ದು ಮಾತ್ರ ಇಲ್ಲ.
ಆರು ತಂತಿ ಕೇಳಿತು. ನಾಕೇ ಅಂದೆ. ಒಪ್ಪಿತು.
ಪರದೆ ಸರಿಯುತ್ತದೆ ಅಂದರೆ ಮಾತ್ರ ಒಪ್ಪಲೊಲ್ಲದು.

ದಾರ ಬಿಗಿದು ಕಟ್ಟಿದ ಪರದೆ ಅವು.
ರಾಗ ಬದಲಾದರೆ ಅತ್ತ ಇತ್ತ ಜರುಗುತ್ತವೆ;
ಅಂಕಿ ಅದೇ ಏಳು, ಒಳಗಿರುವವರು ಬೇರೆ,
ಬಾಡಿಗೆ ಮನೆಯ ನಂಬರಿನಂತೆ.
ವಹಿಯ ಅಂಚಿನಲ್ಲಿ, ಏಳರ ಪಕ್ಕ,
ಪೆನ್ಸಿಲಿನ ಒಂದು ಸಣ್ಣ ಗುಂಡು.
'ಸೊನ್ನೆ ಏನ್ರೀ ಇದು?'
'ಜ್ವಾಳದ ಕಾಳು. ಅಷ್ಟು ಮ್ಯಾಲಕ್ಕ ಸರಸೂದು.'

ಸಾವಿರ ಚಿಹ್ನೆ ಇವೆ ನನ್ನ ಫಾಂಟಿನಲ್ಲಿ,
ಕೊಳಲಿಗೆ, ಗಂಟೆಗೆ, ನಾ ಹೆಸರೂ ಕೇಳದ ವಾದ್ಯಗಳಿಗೆ.
ಕಾಳು ಇರಲಿಲ್ಲ. ಬರೆದೆ.
ಮೊದಲನೆಯದು ಗೋಲಿಯಾಯಿತು,
ಎರಡನೆಯದು ಗುಳಿಗೆ.
ಮನೆಯಿಂದ ನಾಕು ಕಾಳು ತಂದು ಕೀಬೋರ್ಡಿನ ಮೇಲಿಟ್ಟು
ಮೂತಿ ನೋಡಿ ಮತ್ತೆ ಬರೆದೆ.

ಕರಡು ತಿದ್ದಲು ಬಂದರು. ಕಣ್ಣಡಕ ಹಾಕಲಿಲ್ಲ.
ಮೇಜಿನ ಅಂಚೇ ದಂಡಿ ಅಂದುಕೊಂಡು
ಎಡಗೈ ಜಾರಿಸುತ್ತ ಓದಿದರು,
ಉಸಿರಾಟ ಬಿಟ್ಟರೆ ಸದ್ದಿಲ್ಲ,
ಆಚೆ ಆಫ್‌ಸೆಟ್ಟು ಯಾರದೋ ಶುಭಮುಹೂರ್ತ ಒಡರುತ್ತಿತ್ತು.
ಮೂರನೆಯ ಪುಟ. ಬೆರಳು ಹಾರಿತು, ನಿಂತಿತು,
ಹಿಂದಕ್ಕೆ ಬಂತು, ಮತ್ತೆ ಹಾರಿತು.
'ಸಾಬರು ಹಿಂಗ ಜಿಗಸೂ ಮನಷ್ಯಾ ಅಲ್ಲ.'
ನೋಡಿದೆ. ೬ ಇರಬೇಕಾದಲ್ಲಿ ೯ ಕೂತಿತ್ತು.
ಬಾಲ ಒಂದು ತಿರುಗಿದ್ದಕ್ಕೆ
ಮುದುಕನ ಕೈ ಅಷ್ಟು ದೂರ ಹೋಗಿ ಬಂದಿತ್ತು.

ಇನ್ನು ಹನ್ನೆರಡನೆಯ ಗತ್ತು.
ಕೊನೆಯ ಸಾಲಿನಲ್ಲಿ ಹದಿನೈದೇ ಮಾತ್ರೆ.
ಪರದೆಯ ಮೇಲೆ (ಇದು ನನ್ನ ಪರದೆ, ಗಾಜಿನದು)
ಕೆಂಪು ತಕರಾರು: ಲೆಕ್ಕ ಭರ್ತಿಯಾಗಿಲ್ಲ.
'ಒಂದು ಬಿಟ್ಟಾರ ನೋಡ್ರಿ ಸಾಬರು.'
'ಬಿಟ್ಟಿಲ್ಲ. ಅಲ್ಲಿ ನನ್ನ ಕಡೆ ನೋಡ್ತಿದ್ರು.'
'ನೋಡಿ?'
'ನೋಡ್ತಿದ್ರು, ಅಷ್ಟ. ನಾ ಏನರ ಬಾರಸಬೇಕಿತ್ತು.
ನಿನ್ನೆ ಬಾರಿಸಿದ್ದ ಇವತ್ತೂ ಬಾರಿಸಿದ್ರ
ಚಾ ಸಿಗ್ತಿದ್ದಿಲ್ಲ.'

ಕಾಣದ ವಿರಾಮ ಅಂತ ಒಂದಿದೆ ತಂತ್ರಾಂಶದಲ್ಲಿ,
ಲೆಕ್ಕಕ್ಕೆ ಉಂಟು, ಅಚ್ಚಿಗೆ ಇಲ್ಲ.
ಹಾಕಿದೆ. ಕೆಂಪು ಅಳಿಯಿತು.
ಫಕ್ಕೀರಪ್ಪ ಆ ಖಾಲಿಯ ಮೇಲೆ ಬೆರಳಿಟ್ಟು
ಬಹಳ ಹೊತ್ತು ಕೂತರು. ಆಮೇಲೆ,
'ಇನ್ನೊಂದೀಟು ಅಗಲ ಮಾಡವ್ವ,' ಅಂದರು,
'ಅವ್ರು ಅವಸರ ಮಾಡ್ತಿದ್ದಿಲ್ಲ.'

ಎಷ್ಟು ಪ್ರತಿ ಅಂದರೆ, ಎರಡು.
ಒಂದು ನನಗ, ಇನ್ನೊಂದು ಯಾರರ ಕೇಳಿದ್ರ.
ಎರಡು ಪ್ರತಿಗೆ ಪ್ಲೇಟು ಹಚ್ಚೋದಿಲ್ಲ ಅಂದರು ಮಾಲಕರು.
ಪ್ರಿಂಟರಿನಲ್ಲೇ ತೆಗೆದೆ, ದಾರ ಹಾಕಿ ಹೊಲಿದೆ,
ಸಂಜೆಯ ಗಾಡಿಗೆ ಹೊತ್ತಾಯಿತೆಂದು ಅವರು
ತೆರೆದು ನೋಡದೆಯೇ ಚೀಲಕ್ಕಿಳಿಸಿದರು.

ಕಾಳು ಚಲೋ ಮೂಡಿತ್ತು.