ಹೆಪ್ಪು

ಐದೂವರೆಗೆ ಡೇರಿ ಬಾಗಿಲು ತೆಗೆದರೆ ಪರದೆ ತುಂಬ ಕೆಂಪು:
ಬೀಗ ಹಾಕಿದ್ದೇವೆ, ಮೂರು ದಿನದಲ್ಲಿ ಹಣ.
ನಿನ್ನೆ 'ಸಬ್ಸಿಡಿ ಪಟ್ಟಿ' ಅಂತ ಬಂದದ್ದನ್ನು
ಒತ್ತಿದವನು ನಾನೇ.

ರಿಪ್ಪನ್‌ಪೇಟೆಯ ಹಾಲು ಮೂರು ದಿನ ಕಾಯುವುದಿಲ್ಲ.
ಹೊರಗೆ ಕ್ಯಾನುಗಳು ಸಾಲು ಹಿಡಿದಿದ್ದವು.

ಫಿಲೋಮಿನ ಫ್ಯಾಟ್ ಕೊಳವೆ ತೊಳೆದಿಟ್ಟು
ಕೈ ಒರೆಸಿಕೊಂಡು
ಟಿಫಿನ್ ಡಬ್ಬಿಯ ತಳದಿಂದ ಪೆನ್‌ಡ್ರೈವ್ ತೆಗೆದಳು.
ಶನಿವಾರದವರೆಗಿನ ಲೆಕ್ಕ.
ಯಾರು ಹೇಳಿದ್ದು ನಿನಗೆ?
'ಯಾರು ಹೇಳಬೇಕು ಸಾರ್,
ನಮ್ಮನೆ ಮೊಸರು ಕೆಟ್ಟ ದಿನ
ಪಕ್ಕದ ಮನೇಲಿ ಹೆಪ್ಪಿರಬೇಕಲ್ಲ,
ನಾವು ಕೊಟ್ಟದ್ದೇ.'

ಕಳೆದದ್ದು ಎರಡೇ ದಿನ.
ಸಾಲಿನಲ್ಲಿ ನಿಂತವರನ್ನೇ ಕೇಳಿ ಬರೆದುಕೊಂಡೆ,
ಆರೂವರೆ ಲೀಟರು, ನಾಲ್ಕು, ಮೂರೂಕಾಲು.
ಯಾರೂ ಹೆಚ್ಚು ಹೇಳಲಿಲ್ಲ, ಒಬ್ಬರ ಹೊರತು.
ಅವರ ಎಮ್ಮೆ ಬತ್ತಿ ತಿಂಗಳಾಯ್ತೆಂದು
ಸಾಲಿಗೆ ಸಾಲೇ ನಕ್ಕಿತು.