ದಾರಕ್ಕೆ ಕಟ್ಟಿದ ಚೆಂಡು

ಒಹಾಯೊದ ಮಾರ್ಚ್ ಕೆಸರಿನಲ್ಲಿ, ಯಾರದೋ ಕೊಟ್ಟಿಗೆಯ ಹರಾಜಿನಲ್ಲಿ
ಆರು ಡಾಲರಿಗೆ ಒಂದು ಬಿಸ್ಕತ್ತಿನ ಡಬ್ಬ ಕೊಂಡೆ.
ಮೇಲೆ ಗುಂಡಿಗಳು, ತುಕ್ಕು ಹಿಡಿದ ಕತ್ತರಿ.
ತಳದಲ್ಲಿ ಬೋರಲಾಗಿ ಮಲಗಿತ್ತು ದಪ್ಪ ರಟ್ಟಿನ ಫೋಟೋ.

ಒಂಬತ್ತು ಮಂದಿ. ಮುಖದಲ್ಲಿ ಮೀಸೆಯೇ ಮುಕ್ಕಾಲು ಪಾಲು.
ಹಿಂದಿನ ಪರದೆಯಲ್ಲಿ ಕೊಳ, ಒಂದು ಹಂಸ.
ಬೇಸ್‌ಬಾಲಿಗೂ ಹಂಸಕ್ಕೂ ಏನು ನಂಟೋ,
ಸ್ಟುಡಿಯೋದಲ್ಲಿ ಇದ್ದದ್ದು ಅದೊಂದೇ ಪರದೆ.
ಕತ್ತು ಅಲುಗದಂತೆ ಬೆನ್ನ ಹಿಂದೆ ಕಬ್ಬಿಣದ ಊರುಗೋಲು,
ಬೂಟುಗಳ ನಡುವೆ ಅದರ ಪಾದ ಇಣುಕುತ್ತದೆ
ಹತ್ತನೆಯವನ ಕಾಲಿನಂತೆ.

ನಡುವಿನವನು ಕ್ಯಾಚಿಗೆ ಕೈಯೆತ್ತಿದ್ದಾನೆ.
ಭೂತಗನ್ನಡಿ ಹಿಡಿದರೆ ಚೆಂಡಿನ ನೆತ್ತಿಯಿಂದ
ಮೇಲಕ್ಕೆ ಹೋಗುವ ದಾರ ಕಾಣುತ್ತದೆ.
ಒಂದೆಳೆ. ಆಮೇಲೆ ರಟ್ಟಿನ ಅಂಚು.

ಬೆನ್ನಿಗೆ ಸೀಸದ ಕಡ್ಡಿಯಲ್ಲಿ ಎಂಟು ಹೆಸರು.
ಒಂಬತ್ತನೆಯದಕ್ಕೆ ಬರೀ ಗೆರೆ.

ಹನ್ನೊಂದು ಚಳಿಗಾಲ ಆ ಗೆರೆಯ ಬೆನ್ನು ಹತ್ತಿದೆ,
ಗ್ರಂಥಾಲಯದ ನೆಲಮಾಳಿಗೆ, ಜನಗಣತಿಯ ಪಟ್ಟಿ, ಪಾಚಿಗಟ್ಟಿದ ಗೋರಿಕಲ್ಲು.
ಲೊರೆಟಾ ಕೇಳಿದಳು: "ನಮ್ಮ ಮದುವೆಯ ಫೋಟೋದಲ್ಲಿ
ಎಡಗಡೆ ಕೊನೆಗೆ ನಿಂತವನು ಯಾರು, ಹೇಳು ನೋಡೋಣ."
ಹೇಳಲಾಗಲಿಲ್ಲ.

ಗೋಡೆಯ ಮೇಲೆ ಇನ್ನೊಂದಿದೆ, ಕಲ್ಲಚ್ಚಿನ ಚಿತ್ರ.
ಹುಲ್ಲಿಗೆ ಹಸಿರು ತುಂಬಿದ ಹುಡುಗಿಯರಿಗೆ ಹಾಳೆಗಿಷ್ಟೆಂದು ಕೂಲಿ.
ಯಾರದೋ ಅವಸರದ ಕುಂಚ ಗೆರೆ ದಾಟಿ
ಅಂಪೈರನ ಒಂದು ಬೂಟು ಹಸಿರಾಗಿದೆ.
ಬೆಲೆ ಕಟ್ಟುವವರು ಅದನ್ನು ದೋಷ ಅನ್ನುತ್ತಾರೆ.
ನಾನು ಕೊಂಡದ್ದೇ ಅದಕ್ಕೆ.

ಕಳೆದ ತಿಂಗಳು ಟೊಲಿಡೊದಿಂದ ಪತ್ರ,
ತೊಂಬತ್ತೊಂದರ ಐಡೆಲ್ ಫ್ರೂಹಾಫ್, ನಡುಗುವ ಅಕ್ಷರ:
"ಆತ ಆಟಗಾರನಲ್ಲ, ನನ್ನಜ್ಜ. ಸ್ಟುಡಿಯೋದಲ್ಲಿ
ಗಾಜಿನ ತಟ್ಟೆ ತೊಳೆಯುವ ಹುಡುಗ.
ಬರಬೇಕಾದವನಿಗೆ ರೈಲು ತಪ್ಪಿತಂತೆ, ಇವನಿಗೆ ಅಂಗಿ ತೊಡಿಸಿದರು.
ಆ ಚೆಂಡು ಕಟ್ಟಿದ್ದೂ ಅವನೇ.
ಜೀವಮಾನದಲ್ಲಿ ಒಂದು ಚೆಂಡೂ ಹಿಡಿದವನಲ್ಲ."

ಮತ್ತೆ ಗಾಜು ಹಿಡಿದೆ. ಹೌದು,
ಅಂಗಿಯ ತೋಳು ಬೆರಳಿನವರೆಗೆ ಇಳಿದಿದೆ.
ಎಂಟೂ ಜನ, ಕೈಯೆತ್ತಿದವನೂ ಸೇರಿ, ಕ್ಯಾಮೆರಾ ನೋಡುತ್ತಿದ್ದಾರೆ.
ಅವನೊಬ್ಬನ ಕಣ್ಣು ಮೇಲೆ,
ತಾನು ಹಾಕಿದ ಗಂಟು ನಿಂತೀತೋ ಇಲ್ಲವೋ ಎಂದು.

"ಬಾಯಿ ಬಿಡಬೇಡ, ಬೆಲೆ ಅರ್ಧಕ್ಕಿಳಿಯುತ್ತೆ,"
ಅಂದ ವರ್ತಕ ಮರ್ಲಿನ್ ಟೈಸ್.

ಪತ್ರವಿಡೀ ಹುಡುಕಿದರೂ ಹೆಸರಿಲ್ಲ.
ಅಜ್ಜ ಎಂದಷ್ಟೇ ಬರೆದಿದ್ದಾಳೆ; ಅವಳಿಗೆ ಅಷ್ಟು ಸಾಕು.
ಫೋನು ಮಾಡಿ ಕೇಳಬಹುದು.
ಲೊರೆಟಾ ನಂಬರು ಹುಡುಕಿ, ಚೀಟಿಯ ಪಕ್ಕ
ಸೀಸದ ಕಡ್ಡಿಯನ್ನೂ ಚೂಪು ಮಾಡಿಟ್ಟಿದ್ದಾಳೆ.

ಮೂರು ದಿನವಾಯಿತು.